ಮನೆಯ ಹಳೆಯ ಕಾರು ಮತ್ತು ಅದರ ಎಣ್ಣೆ

ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹಿರಿಯರು ದೂರದ ಪ್ರಯಾಣಕ್ಕೆ ಗಾಡಿ ಕಟ್ಟುವ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕಲು ಮರೆಯುತ್ತಿರಲಿಲ್ಲ. ಕೀಲೆಣ್ಣೆ ಒಣಗಿದ ಗಾಡಿ ಕಿರುಗುಟ್ಟಿ ಎಚ್ಚರಿಸುತ್ತಿತ್ತು. ಇಂದು ಗಾಡಿಯ ಜಾಗಕ್ಕೆ ಕಾರು ಬಂದಿದೆ. ಆದರೆ ಕಾರಿನ ಎಂಜಿನ್ ಕಿರುಗುಟ್ಟಿ ಎಚ್ಚರಿಸುವುದಿಲ್ಲ. ಅದು ಸದ್ದು ಮಾಡುವ ಹೊತ್ತಿಗೆ ಕೆಡಬೇಕಾದುದೆಲ್ಲ ಕೆಟ್ಟುಹೋಗಿರುತ್ತದೆ. ಆದುದರಿಂದ ಅದರ ಎಣ್ಣೆಯ ಯೋಗಕ್ಷೇಮವನ್ನು ನಾವೇ ಕೇಳಿಕೊಳ್ಳಬೇಕು.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ನಮ್ಮ ದೇಶದಲ್ಲಿ ಚಿಕ್ಕ ಕಾರು ಎಂಬುದು ಮಧ್ಯಮ ವರ್ಗದವರ ಕೈಗೆಟಕುವ ವಸ್ತುವಾಯಿತು. ಮೂರು ಸಿಲಿಂಡರು, 796 ಸಿಸಿ ಎಂಜಿನ್ನಿನ ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದರ ತರುವಾಯ ಬಂದ ಚಿಕ್ಕ ಕಾರುಗಳು ಇಂದು ಎರಡನೆಯ, ಮೂರನೆಯ ಯಜಮಾನರ ಕೈ ಸೇರಿವೆ. ನಮ್ಮ ಕಾಸರಗೋಡು ಪ್ರದೇಶದ ಅನೇಕ ಮನೆಗಳಲ್ಲಿ ಅಂಗಳದಲ್ಲಿ ನಿಂತಿರುವುದು ಇಂಥ ಹಳೆಯ ಕಾರೇ. ಅದು ಶೋಕಿಗಾಗಿ ತಂದುದಲ್ಲ. ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಲು, ಮಳೆಗಾಲದ ರಾತ್ರಿಯ ಅಗತ್ಯಕ್ಕೆ, ತೋಟದ ಅಡಿಕೆ ಮಾರಿದ ಹಣದಲ್ಲಿ ಒಂದಿಷ್ಟು ಉಳಿಸಿ ಕೊಂಡುದು. ಅಂಥ ಕಾರಿನ ಎಂಜಿನ್ ಹಾಳಾದರೆ ಮನೆಯ ಒಂದು ವರ್ಷದ ಉಳಿತಾಯವೇ ಕರಗುತ್ತದೆ.

ಈ ಮಾತನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ನಾಲ್ಕು ವರ್ಷದ ಹಿಂದೆ ನಾವೂ ಒಂದು ಹಳೆಯ ಚಿಕ್ಕ ಕಾರು ಕೊಂಡೆವು. “ಎಣ್ಣೆ ಈಗ ತಾನೇ ಬದಲಿಸಿದ್ದು, ಒಂದು ವರ್ಷ ನೋಡಬೇಕಾಗಿಲ್ಲ” ಎಂದು ಮಾರಿದವರು ಹೇಳಿದರು. ನಾವೂ ನಂಬಿ ನೋಡಲಿಲ್ಲ. ಐದು ತಿಂಗಳ ಬಳಿಕ ತಾಯಿಯ ಕಣ್ಣಿನ ತಪಾಸಣೆಗೆಂದು ಮಂಗಳೂರಿಗೆ ಹೊರಟಿದ್ದೆವು. ಮಂಜೇಶ್ವರ ದಾಟುವಾಗ ಎದುರಿನ ಫಲಕದಲ್ಲಿ ಒಂದು ಕೆಂಪು ದೀಪ ಹತ್ತಿತು. “ಇನ್ನೇನು ತಲಪಾಡಿ ಬಂತು, ಅಲ್ಲಿ ತೋರಿಸೋಣ” ಎಂದುಕೊಂಡು ಗಾಡಿ ಬಿಟ್ಟೆವು. ತಲಪಾಡಿ ತಲುಪುವ ಮೊದಲೇ ಎಂಜಿನ್ನಿನೊಳಗೆ ಟಕಟಕ ಸದ್ದು ಶುರುವಾಯಿತು, ಆಮೇಲೆ ಕಾರು ನಿಂತಿತು. ತಾಯಿ ಬಿಸಿಲಿನಲ್ಲಿ ಬಸ್ಸಿಗೆ ಕಾದು ಕುಳಿತರು.

ಮೆಕ್ಯಾನಿಕ್ ಬಂದು ಕೇಳಿದ ಮೊದಲ ಪ್ರಶ್ನೆ ಇದು: “ಮಾಷ್ಟ್ರೇ, ನೀವು ಕಡ್ಡಿ ಎಳೆದು ನೋಡಿದ್ದು ಯಾವಾಗ?” ನಮ್ಮಲ್ಲಿ ಉತ್ತರವಿರಲಿಲ್ಲ. ಎಂಜಿನ್ನಿನಲ್ಲಿ ಇರಬೇಕಾದ ಎಣ್ಣೆಯ ಕಾಲು ಭಾಗವೂ ಉಳಿದಿರಲಿಲ್ಲ. ಎಂಜಿನ್ ಬಿಚ್ಚಿ ಸರಿಪಡಿಸಲು ನಮಗೆ ಬಿದ್ದ ಖರ್ಚು 38,000 ರೂಪಾಯಿ. ಎರಡು ನಿಮಿಷದ ಕೆಲಸವನ್ನು ಐದು ತಿಂಗಳು ಮಾಡದೆ ಬಿಟ್ಟುದರ ದಂಡ ಅದು. ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಈ ದಂಡ ಯಾರೂ ತೆರಬಾರದೆಂಬುದೇ ಈ ಲೇಖನದ ಉದ್ದೇಶ.

ಎಣ್ಣೆ ಮಾಡುವ ಕೆಲಸ

ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಅದರೊಳಗಿನ ಪ್ರತಿಯೊಂದು ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. 3,000ವನ್ನು 60ರಿಂದ ಭಾಗಿಸಿದರೆ ಈ ಲೆಕ್ಕ ನಿಮಗೇ ಸಿಗುತ್ತದೆ. ಇಷ್ಟು ವೇಗದಲ್ಲಿ ಲೋಹಕ್ಕೆ ಲೋಹ ಉಜ್ಜಿದರೆ ಕೆಲವೇ ನಿಮಿಷಗಳಲ್ಲಿ ಎರಡೂ ಸವೆದು ಅಂಟಿಕೊಳ್ಳುತ್ತವೆ. ಹಾಗಾಗದಂತೆ ನಡುವೆ ನಿಲ್ಲುವುದು ಎಣ್ಣೆಯ ಒಂದು ಪೊರೆ. ಆ ಪೊರೆ ತಲೆಗೂದಲಿಗಿಂತ ಎಷ್ಟೋ ಪಾಲು ತೆಳು. ತಿರುಗುವ ದಂಡ ಈ ಪೊರೆಯ ಮೇಲೆ, ನೀರಿನ ಮೇಲೆ ದೋಣಿ ತೇಲುವಂತೆ, ತೇಲುತ್ತಿರುತ್ತದೆ.

ಘರ್ಷಣೆ ತಗ್ಗಿಸುವುದು ಎಣ್ಣೆಯ ಮೊದಲ ಕೆಲಸ. ಎರಡನೆಯದಾಗಿ, ತಂಪು ನೀರು ತಲುಪದ ಪಿಸ್ಟನ್ನಿನ ಅಡಿಭಾಗ ಮತ್ತು ಬೇರಿಂಗುಗಳಿಂದ ಅದು ಶಾಖವನ್ನು ಹೊತ್ತು ತರುತ್ತದೆ. ಮೂರನೆಯದಾಗಿ, ಮಸಿ ಮತ್ತು ಸವೆದ ಲೋಹದ ಪುಡಿಯನ್ನು ತೊಳೆದು ಫಿಲ್ಟರಿಗೆ ಒಯ್ಯುತ್ತದೆ. ನಾಲ್ಕನೆಯದಾಗಿ, ಪಿಸ್ಟನ್ನಿನ ಬಳೆಗಳಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದನ್ನು ಮುಚ್ಚುತ್ತದೆ. ಕೊನೆಯದಾಗಿ, ತುಕ್ಕು ಹಿಡಿಯದಂತೆ ಕಾಯುತ್ತದೆ. ಎಣ್ಣೆ ಕಡಮೆಯಾದರೆ ಈ ಐದೂ ಕೆಲಸಗಳು ಒಟ್ಟಿಗೆ ಕೆಡುತ್ತವೆ.

ಹಾಕಿದ ಎಣ್ಣೆ ಕೆಲವು ತಿಂಗಳಲ್ಲಿ ಕಪ್ಪಾಗುತ್ತದೆ. ಅದನ್ನು ಕಂಡು “ಎಣ್ಣೆ ಕೆಟ್ಟಿತು” ಎಂದು ಗಾಬರಿಯಾಗಬೇಕಾಗಿಲ್ಲ. ಎಣ್ಣೆಯಲ್ಲಿ ಸೇರಿಸಿರುವ ಕೆಲವು ರಾಸಾಯನಿಕಗಳು ಮಸಿಯನ್ನು ಗಂಟುಗಟ್ಟಲು ಬಿಡದೆ ತೇಲಿಸಿ ಇಟ್ಟುಕೊಳ್ಳುತ್ತವೆ. ಕಪ್ಪು ಬಣ್ಣ ಎಣ್ಣೆ ಕೆಲಸ ಮಾಡುತ್ತಿರುವುದರ ಗುರುತು. ಎಣ್ಣೆ ಬದಲಿಸುವ ಹೊತ್ತನ್ನು ಬಣ್ಣದಿಂದಲೂ ಬೆರಳಿನಲ್ಲಿ ಉಜ್ಜಿಯೂ ತಿಳಿಯಲಾಗದು. ಓಡಿದ ಕಿಲೋಮೀಟರು ಮತ್ತು ಕಳೆದ ತಿಂಗಳು, ಇವೆರಡರ ಲೆಕ್ಕದಿಂದಲೇ ತಿಳಿಯಬೇಕು.

ಡಬ್ಬದ ಮೇಲಿನ ಅಂಕಿ

ಅಂಗಡಿಯಲ್ಲಿ ಎಣ್ಣೆಯ ಡಬ್ಬ ನೋಡಿದರೆ 5ಡಬ್ಲ್ಯು-30, 10ಡಬ್ಲ್ಯು-40, 20ಡಬ್ಲ್ಯು-50 ಎಂದೆಲ್ಲ ಬರೆದಿರುತ್ತದೆ. ಇದು ಬೆಲೆಯೂ ಅಲ್ಲ, ಗುಣದ ದರ್ಜೆಯೂ ಅಲ್ಲ. ಇದು ಎಣ್ಣೆಯ ಸ್ನಿಗ್ಧತೆಯ ಗುರುತು.

ದ್ರವವು ಹರಿಯಲು ತೋರುವ ಅಡ್ಡಿಯೇ ಸ್ನಿಗ್ಧತೆ. ನೀರಿನದು ಕಡಮೆ, ಜೇನಿನದು ಹೆಚ್ಚು. ಬೆಲ್ಲದ ಪಾಕ ಒಲೆಯ ಮೇಲಿರುವಾಗ ಸಲೀಸಾಗಿ ಹರಿಯುತ್ತದೆ, ಆರಿದ ಮೇಲೆ ಸೌಟಿಗೆ ಅಂಟಿ ನಿಲ್ಲುತ್ತದೆ. ಎಂಜಿನ್ನಿನ ಎಣ್ಣೆಯ ಸ್ವಭಾವವೂ ಇದೇ. ಇಲ್ಲಿ ಒಂದು ತೊಡಕು ಇದೆ. ಬೆಳಗ್ಗೆ ತಣ್ಣಗಿರುವ ಎಂಜಿನ್ನಿನಲ್ಲಿ ಎಣ್ಣೆ ಮಂದವಾಗಿದ್ದರೆ ಬೇಗ ಮೇಲೇರುವುದಿಲ್ಲ. ಎಂಜಿನ್ ಕಾದಾಗ ತೀರ ತೆಳುವಾದರೆ ಪೊರೆ ಹರಿದುಹೋಗುತ್ತದೆ. ಎರಡು ಹೊತ್ತಿಗೂ ಹೊಂದುವ ಎಣ್ಣೆ ಬೇಕು. ಅದಕ್ಕಾಗಿಯೇ ಎರಡು ಅಂಕಿಗಳು.

ಡಬ್ಲ್ಯು ಎಂಬ ಅಕ್ಷರ ಚಳಿಗಾಲ ಎಂಬರ್ಥದ ಇಂಗ್ಲಿಷ್ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. 5ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ, 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಎರಡನೆಯ ಅಂಕಿ ಕಾದ ಎಂಜಿನ್ನಿನದು. 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಳೆದಾಗ 30ರ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5ರ ಒಳಗೆ ಇರಬೇಕು, 40ರದು 12.5ರಿಂದ 16.3ರ ಒಳಗೆ. ಸೆಕೆಂಡಿಗೆ ಚದರ ಮಿಲಿಮೀಟರ್ ಎಂಬುದು ಇದರ ಮಾನ. ಇದೇ ಮಾನದಲ್ಲಿ 20 ಡಿಗ್ರಿಯ ನೀರಿನ ಸ್ನಿಗ್ಧತೆ ಸುಮಾರು ಒಂದು. ಅಂದರೆ ಕುದಿಯುವಷ್ಟು ಕಾದ ಮೇಲೂ 30ರ ಎಣ್ಣೆ ತಣ್ಣೀರಿಗಿಂತ ಹತ್ತು ಪಟ್ಟು ಮಂದವಾಗಿಯೇ ಉಳಿಯುತ್ತದೆ.

“ನಮ್ಮ ಊರಿನಲ್ಲಿ ಹಿಮ ಬೀಳುವುದಿಲ್ಲವಲ್ಲ, ಹಾಗಾದರೆ ಮೊದಲ ಅಂಕಿಯಿಂದ ನಮಗೇನು?” ಎಂದು ಒಬ್ಬ ವಿದ್ಯಾರ್ಥಿ ನಮ್ಮನ್ನು ಕೇಳಿದ. ಪ್ರಶ್ನೆ ಸರಿಯಾದುದೇ. ಆದರೆ ನಮ್ಮ ಊರಿನ ಬೆಳಗೂ ಕಾದ ಎಂಜಿನ್ನಿನ ಮುಂದೆ ಚಳಿಯೇ. 40 ಡಿಗ್ರಿಯಲ್ಲಿ ಅಳೆದರೂ 20ಡಬ್ಲ್ಯು-50 ಎಣ್ಣೆ 5ಡಬ್ಲ್ಯು-30ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಂದ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗಿನ ತಟ್ಟೆಗೆ ಇಳಿದಿರುತ್ತದೆ. ಬೆಳಗ್ಗೆ ಚಾಲೂ ಮಾಡಿದಾಗ ಅದು ಮೇಲಿನ ಭಾಗಗಳಿಗೆ ಏರುವ ತನಕ ಲೋಹಕ್ಕೆ ಲೋಹ ತಾಗುತ್ತಿರುತ್ತದೆ. ಬೇಗ ಏರುವ ಎಣ್ಣೆಯಿಂದ ಸವೆತ ಕಡಮೆ.

ವಿದ್ಯಾರ್ಥಿಗಳು ಸ್ನಿಗ್ಧತೆಯನ್ನು ಮನೆಯಲ್ಲೇ ಕಣ್ಣಾರೆ ನೋಡಬಹುದು. ಒಂದೇ ಎತ್ತರದ ಎರಡು ಗಾಜಿನ ಲೋಟಗಳಲ್ಲಿ ತೆಂಗಿನೆಣ್ಣೆ ಮತ್ತು ಹರಳೆಣ್ಣೆ ತುಂಬಿರಿ. ಒಂದೇ ಗಾತ್ರದ ಚಿಕ್ಕ ಗಾಜಿನ ಮಣಿಗಳನ್ನು ಎರಡರಲ್ಲೂ ಏಕಕಾಲಕ್ಕೆ ಬಿಡಿರಿ. ಹರಳೆಣ್ಣೆಯ ಮಣಿ ಎಷ್ಟೋ ನಿಧಾನವಾಗಿ ಇಳಿಯುತ್ತದೆ. ಹರಳೆಣ್ಣೆಯ ಲೋಟವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೊಮ್ಮೆ ಮಣಿ ಬಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯ ಮಹಾಯುದ್ಧದ ಕಾಲದ ಎಷ್ಟೋ ವಿಮಾನಗಳ ಎಂಜಿನ್ನಿಗೆ ಇದೇ ಹರಳೆಣ್ಣೆಯನ್ನು ಬಳಸುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ.

ಡಬ್ಬದ ಮೇಲಿನ ಅಕ್ಷರ

ಅಂಕಿಯಲ್ಲದೆ ಎಪಿಐ ಎಂಬ ಗುರುತಿನೊಡನೆ ಎಸ್‌ಎಲ್, ಎಸ್‌ಎನ್, ಎಸ್‌ಪಿ ಎಂಬಂತೆ ಎರಡು ಅಕ್ಷರಗಳಿರುತ್ತವೆ. ಎಪಿಐ ಎಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ. ಮೊದಲ ಅಕ್ಷರ ಎಸ್ ಆದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಆದರೆ ಡೀಸೆಲ್ ಎಂಜಿನ್ನಿಗೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದಕ್ಕಿದ್ದಷ್ಟೂ ದರ್ಜೆ ಹೊಸದು. ಎಸ್‌ಎಲ್ ಬಂದುದು 2001ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಹಳೆಯ ದರ್ಜೆ ಕೇಳುವ ಪೆಟ್ರೋಲ್ ಕಾರಿಗೆ ಹೊಸ ದರ್ಜೆಯ ಎಣ್ಣೆ ಹಾಕಬಹುದು, ಅಂಕಿ ಮಾತ್ರ ಕೈಪಿಡಿಯಲ್ಲಿದ್ದಂತೆ ಇರಬೇಕು. ಹೊಸ ದರ್ಜೆ ಕೇಳುವ ಕಾರಿಗೆ ಹಳೆಯ ದರ್ಜೆಯ ಎಣ್ಣೆ ಹಾಕಕೂಡದು.

ಒಂದು ಎಚ್ಚರಿಕೆ. ಮನೆಯಲ್ಲಿ ಮೋಟಾರ್ ಸೈಕಲ್ ಇದ್ದರೆ ಅದಕ್ಕೂ ಕಾರಿಗೂ ಒಂದೇ ಡಬ್ಬ ಸಾಕೆಂದು ತಿಳಿಯಬೇಡಿ. ಬಹುಪಾಲು ಮೋಟಾರ್ ಸೈಕಲುಗಳಲ್ಲಿ ಕ್ಲಚ್ ಕೂಡ ಎಂಜಿನ್ನಿನ ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿನ ಎಣ್ಣೆಯಲ್ಲಿರುವ ಜಾರಿಕೆಯ ರಾಸಾಯನಿಕಗಳಿಂದ ಆ ಕ್ಲಚ್ ಹಿಡಿಯದೆ ಜಾರಬಹುದು. ಅಂಥ ಮೋಟಾರ್ ಸೈಕಲಿಗೆ ಜಾಸೋ ಎಂಎ ಎಂಬ ಗುರುತಿನ ಎಣ್ಣೆ ಬೇಕು.

ಹಳೆಯ ಕಾರಿಗೆ ಯಾವ ಎಣ್ಣೆ?

“ಕಾರು ಹಳೆಯದು, ಸವೆದಿದೆ, ದಪ್ಪ ಎಣ್ಣೆ ಹಾಕಿ” ಎಂಬ ಸಲಹೆ ಎಲ್ಲ ಕಡೆಯೂ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಬೇರಿಂಗು, ಬಳೆಗಳು ನಿಜಕ್ಕೂ ಸವೆದ ಎಂಜಿನ್ನಿನಲ್ಲಿ ಸಂದು ಹಿಗ್ಗಿರುತ್ತದೆ. ಮಂದವಾದ ಎಣ್ಣೆ ಹಾಕಿದರೆ ಸದ್ದು ತಗ್ಗುತ್ತದೆ, ಹೊಗೆಯೂ ಸ್ವಲ್ಪ ಕಡಮೆಯಾಗುತ್ತದೆ. ಆದರೆ ಸವೆದುದು ಮತ್ತೆ ಬೆಳೆಯುವುದಿಲ್ಲ. ಅದು ಬರೇ ನೋವು ಮುಚ್ಚುವ ಮಾತ್ರೆಯಂತೆ. ಮಾರಾಟಕ್ಕೆ ಮುನ್ನ ದಪ್ಪ ಎಣ್ಣೆ ಹಾಕಿ ಎಂಜಿನ್ನಿನ ಸದ್ದು ಅಡಗಿಸುವವರೂ ಇದ್ದಾರೆ. ಕೊಳ್ಳುವವರು ಇದನ್ನು ನೆನಪಿಡಬೇಕು.

ಸವೆಯದ ಎಂಜಿನ್ನಿಗೆ ದಪ್ಪ ಎಣ್ಣೆ ಹಾಕಿದರೆ ನಷ್ಟವೇ. ಬೆಳಗ್ಗೆ ಎಣ್ಣೆ ಮೇಲೇರಲು ತಡ, ಪೆಟ್ರೋಲಿನ ಖರ್ಚು ಹೆಚ್ಚು. ಈಚಿನ ಎಂಜಿನ್ನುಗಳಲ್ಲಿ ಎಣ್ಣೆ ಹರಿಯುವ ದಾರಿಗಳೂ ಕಿರಿದಾಗಿರುತ್ತವೆ. ಕಾರು ಹತ್ತು ವರ್ಷ ಹಳೆಯದಾದ ಮಾತ್ರಕ್ಕೆ ಎಂಜಿನ್ ಸವೆದಿದೆ ಎಂದು ತಿಳಿಯಬಾರದು. ಆದುದರಿಂದ ಕಾರಿನ ಜತೆ ಬಂದ ಕೈಪಿಡಿಯಲ್ಲಿ ಯಾವ ಅಂಕಿ ಇದೆಯೋ ಅದರಿಂದಲೇ ಆರಂಭಿಸಬೇಕು. ಕೈಪಿಡಿ ಕಳೆದುಹೋಗಿದ್ದರೆ ಅದೇ ಮಾದರಿಯ, ಅದೇ ವರ್ಷದ ಕೈಪಿಡಿಯನ್ನು ತರಿಸಿಕೊಳ್ಳಿರಿ. ಹಲವು ಕೈಪಿಡಿಗಳಲ್ಲಿ ಊರಿನ ಹವೆಗೆ ತಕ್ಕಂತೆ ಎರಡು ಮೂರು ಅಂಕಿಗಳನ್ನು ಕೊಟ್ಟಿರುತ್ತಾರೆ. ಎಂಜಿನ್ ಎಣ್ಣೆ ಕುಡಿಯುತ್ತಿದೆ ಎಂದು ಖಚಿತವಾದರೆ ಆ ಪಟ್ಟಿಯೊಳಗೇ ಒಂದು ಮೆಟ್ಟಿಲು ಮೇಲಕ್ಕೆ ಹೋಗಬಹುದು. ಪಟ್ಟಿಯ ಹೊರಗೆ ಹೋಗುವುದು ಬೇಡ.

ಎಣ್ಣೆ ಸಿಂಥೆಟಿಕ್ ಇರಬೇಕೋ, ಸಾಧಾರಣ ಖನಿಜ ತೈಲವೋ ಎಂಬ ಪ್ರಶ್ನೆಯೂ ಇದೆ. ಸಿಂಥೆಟಿಕ್ ಎಣ್ಣೆ ಹೆಚ್ಚು ಶಾಖ ತಾಳುತ್ತದೆ, ಹೆಚ್ಚು ಕಾಲ ಕೆಡದೆ ಇರುತ್ತದೆ. ಬೆಲೆಯೂ ಹೆಚ್ಚು. ಕೈಪಿಡಿ ಅದನ್ನೇ ಕೇಳಿದರೆ ಅದೇ ಬೇಕು. ಕೇಳದಿದ್ದರೆ, ಸರಿಯಾದ ಅಂಕಿ ಮತ್ತು ಅಕ್ಷರವಿರುವ ಸಾಧಾರಣ ಎಣ್ಣೆಯನ್ನು ಹೊತ್ತುಹೊತ್ತಿಗೆ ಬದಲಿಸುವುದು, ದುಬಾರಿ ಎಣ್ಣೆ ಹಾಕಿ ಮರೆತುಬಿಡುವುದಕ್ಕಿಂತ ಮೇಲು. ಎಣ್ಣೆಯನ್ನು ಪರಿಚಯದ ಅಂಗಡಿಯಿಂದ, ಮುಚ್ಚಳದ ಮುದ್ರೆ ನೋಡಿ, ರಸೀದಿ ಪಡೆದು ಕೊಳ್ಳಿರಿ.

ಕಡ್ಡಿ ಎಳೆದು ನೋಡುವ ಕ್ರಮ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಎಂಜಿನ್ನಿನ ಬದಿಯಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣದ ಬಳೆಯಂಥ ಹಿಡಿಯೊಂದು ಕಾಣುತ್ತದೆ. ಅದೇ ಡಿಪ್‌ಸ್ಟಿಕ್ ಎಂದು ಕರೆಯುವ ಅಳತೆಕಡ್ಡಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿರಿ. ಎಂಜಿನ್ ಓಡಿದ್ದರೆ ಆರಿಸಿ ಐದು ನಿಮಿಷ ಕಾಯಿರಿ, ಮೇಲಿರುವ ಎಣ್ಣೆ ಕೆಳಗಿಳಿಯಲಿ. ಕಡ್ಡಿಯನ್ನು ಹೊರಗೆಳೆದು ನೂಲು ಬಿಡದ ಬಟ್ಟೆಯಿಂದ ಒರೆಸಿರಿ. ಮತ್ತೆ ಪೂರ್ತಿ ಒಳಕ್ಕೆ ತೂರಿಸಿ ಪುನಃ ಎಳೆಯಿರಿ. ಕಡ್ಡಿಯ ತುದಿಯಲ್ಲಿ ಎರಡು ಗುರುತುಗಳಿರುತ್ತವೆ. ಎಣ್ಣೆಯ ಮಟ್ಟ ಅವೆರಡರ ನಡುವೆ, ಮೇಲಿನ ಗುರುತಿನ ಹತ್ತಿರ ಇರಬೇಕು. ಮೊದಲ ಸಲ ಎಳೆದಾಗ ಕಂಡ ಮಟ್ಟವನ್ನು ನಂಬಬಾರದು. ಓಟದಲ್ಲಿ ಎಣ್ಣೆ ಎರಚಿ ಕಡ್ಡಿಯ ಮೇಲ್ಭಾಗಕ್ಕೂ ಅಂಟಿರುತ್ತದೆ.

ಕಡಮೆಯಿದ್ದರೆ ಅದೇ ಅಂಕಿಯ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿರಿ. ಹೆಚ್ಚು ಹಾಕುವುದೂ ತಪ್ಪು. ಮೇಲಿನ ಗುರುತು ಮೀರಿದರೆ ಒಳಗೆ ತಿರುಗುವ ದಂಡ ಎಣ್ಣೆಯನ್ನು ಕಡೆಗೋಲು ಮಜ್ಜಿಗೆಯನ್ನು ಕಡೆದಂತೆ ಕಡೆದು ನೊರೆ ಮಾಡುತ್ತದೆ. ನೊರೆ ಬೇರಿಂಗನ್ನು ಕಾಯಲಾರದು.

ಎದುರಿನ ಫಲಕದಲ್ಲಿರುವ ಎಣ್ಣೆಯ ದೀಪವನ್ನು ನಂಬಿ ಕುಳಿತದ್ದೇ ನಮ್ಮ ತಪ್ಪು. ಮೂತಿಯ ತುದಿಯಿಂದ ಒಂದು ಹನಿ ತೊಟ್ಟಿಕ್ಕುತ್ತಿರುವ ಗಿಂಡಿಯ ಚಿತ್ರ ಅದು, ಯಾವ ಭಾಷೆಯವರಿಗೂ ತಿಳಿಯುತ್ತದೆ. ಆದರೆ ಅದು ಎಣ್ಣೆ ಎಷ್ಟಿದೆ ಎಂದು ಹೇಳುವ ದೀಪವಲ್ಲ. ಎಣ್ಣೆಯ ಒತ್ತಡ ಬಿದ್ದುಹೋದಾಗ ಹತ್ತುವ ದೀಪ. ಅದು ಓಟದಲ್ಲಿ ಹತ್ತಿತೆಂದರೆ ಎಂಜಿನ್ನಿಗೆ ಪೆಟ್ಟು ಬೀಳಲು ಆರಂಭವಾಗಿದೆ ಎಂದರ್ಥ. ಗಾಡಿಯನ್ನು ರಸ್ತೆಯ ಬದಿಗೆ ತೆಗೆದು ಕೂಡಲೇ ಎಂಜಿನ್ ಆರಿಸಬೇಕು. ಒಂದು ಕಿಲೋಮೀಟರು ಕೂಡ ಮುಂದೆ ಹೋಗಬಾರದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಕೀಲಿ ತಿರುಗಿಸಿದಾಗ ಈ ದೀಪ ಹತ್ತಿ, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಕೀಲಿ ತಿರುಗಿಸಿದಾಗ ಹತ್ತಲೇ ಇಲ್ಲವಾದರೆ ದೀಪವೇ ಕೆಟ್ಟಿದೆ. ಹಳೆಯ ಕಾರು ಕೊಳ್ಳುವಾಗ ಮರೆಯದೆ ಇದನ್ನು ಪರೀಕ್ಷಿಸಿರಿ.

ಹೊಗೆಯೂ ಮಾತಾಡುತ್ತದೆ. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು, ರೇಡಿಯೇಟರಿನ ದ್ರವ ಕಡಮೆಯಾಗುತ್ತಿದ್ದರೆ ಆ ದ್ರವ ಸಿಲಿಂಡರಿನೊಳಗೆ ಸೋರುತ್ತಿದೆ ಎಂಬ ಅನುಮಾನಕ್ಕೆ ಎಡೆಯಿದೆ. ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಎಣ್ಣೆಗೆ ನೀರು ಸೇರಿದೆ. ಆಗ ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನು ಮನೆಗೆ ಕರೆಯಿರಿ.

ಎಣ್ಣೆ ಬದಲಿಸುವ ಹೊತ್ತು

ಈಗಿನ ಅನೇಕ ಚಿಕ್ಕ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂದು ಕೈಪಿಡಿ ಹೇಳುತ್ತದೆ. ಹಳೆಯ ಮಾದರಿಗಳಿಗೆ ಇನ್ನೂ ಬೇಗ. “ನಮ್ಮ ಕಾರು ವರ್ಷಕ್ಕೆ 3,000 ಕಿಲೋಮೀಟರು ಕೂಡ ಓಡುವುದಿಲ್ಲ, ಮೂರು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು” ಎನ್ನುವವರಿದ್ದಾರೆ. ಇದು ದೊಡ್ಡ ತಪ್ಪು. ಕಾರಣ ನಮ್ಮ ರಸಾಯನ ಶಾಸ್ತ್ರದ ಪಾಠದಲ್ಲೇ ಇದೆ. ಪೆಟ್ರೋಲ್ ಎಂಬುದು ಇಂಗಾಲ ಮತ್ತು ಜಲಜನಕದ ಸಂಯುಕ್ತ. ಅದು ಉರಿದಾಗ ಇಂಗಾಲದ ಡೈಆಕ್ಸೈಡೂ ನೀರೂ ಹುಟ್ಟುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಉಂಟಾಗುತ್ತದೆ. ಬಹುಪಾಲು ಹೊಗೆಕೊಳವೆಯಿಂದ ಹೊರಟುಹೋದರೂ ಸ್ವಲ್ಪ ಆವಿ ಪಿಸ್ಟನ್ ಬಳೆಗಳನ್ನು ದಾಟಿ ಎಣ್ಣೆಗೆ ಸೇರುತ್ತದೆ. ದೂರ ಪ್ರಯಾಣದಲ್ಲಿ ಎಣ್ಣೆ ಚೆನ್ನಾಗಿ ಕಾದು ಆ ನೀರು ಆವಿಯಾಗಿ ಹೋಗುತ್ತದೆ. ಮನೆಯಿಂದ ಪೇಟೆಗೆ ಮೂರು ಕಿಲೋಮೀಟರು ಓಡಿ ನಿಲ್ಲುವ ಕಾರಿನಲ್ಲಿ ನೀರು ಅಲ್ಲೇ ಉಳಿದು ಎಣ್ಣೆಯನ್ನು ಕೆಡಿಸುತ್ತದೆ. ಅದಕ್ಕೆ ನಮ್ಮ ಬೇಸಗೆಯ ಕೆಂಪು ಧೂಳನ್ನೂ ಸೇರಿಸಿಕೊಳ್ಳಿರಿ. ಹಾಗಾಗಿ ಕಡಮೆ ಓಡುವ ಕಾರಿಗೂ ವರ್ಷಕ್ಕೊಮ್ಮೆ ಎಣ್ಣೆ ಬದಲಾಗಲೇಬೇಕು. ಧೂಳಿನಲ್ಲಿ, ಗಿಡ್ಡ ದೂರಕ್ಕೆ ಓಡುವ ಕಾರಿಗೆ ಇನ್ನೂ ಬೇಗ ಬದಲಿಸಲು ಎಷ್ಟೋ ಕೈಪಿಡಿಗಳಲ್ಲಿ ಸೂಚನೆ ಇರುತ್ತದೆ.

ಎಣ್ಣೆ ಬದಲಿಸುವಾಗಲೆಲ್ಲ ಎಣ್ಣೆಯ ಫಿಲ್ಟರನ್ನೂ ಬದಲಿಸಿರಿ. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿಗೆ ಎಣ್ಣೆ ತಪ್ಪಬಾರದೆಂದು ಒಂದು ಕವಾಟ ತೆರೆದುಕೊಂಡು ಶೋಧಿಸದ ಎಣ್ಣೆಯನ್ನೇ ಬಿಡುತ್ತದೆ. ಅಲ್ಪ ಹಣ ಉಳಿಸಲು ಹೋಗಿ ಕೊಳೆ ಎಣ್ಣೆ ಕುಡಿಸಿದಂತಾಗುತ್ತದೆ.

ಈ ಕೆಲಸವನ್ನು ಮನೆಯಲ್ಲಿ ಮಾಡುವುದಾದರೆ ಹಿರಿಯರೇ ಮಾಡತಕ್ಕದ್ದು. ಜಾಕಿಯೊಂದರ ಮೇಲೆ ಎತ್ತಿ ನಿಲ್ಲಿಸಿದ ಕಾರಿನ ಅಡಿಗೆ ಎಂದಿಗೂ ತೂರಬೇಡಿ. ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟು, ಚಕ್ರಗಳಿಗೆ ಅಡ್ಡ ಕಲ್ಲಿಟ್ಟಿರಬೇಕು. ಎಂಜಿನ್ ಉಗುರುಬೆಚ್ಚಗಿರುವಾಗ ಅಡಿಯ ಬಿರಡೆ ಬಿಚ್ಚಿ ಎಣ್ಣೆ ಇಳಿಸಿರಿ. ಬಿರಡೆಯ ವಾಷರ್ ಹೊಸದು ಹಾಕಿರಿ. ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೆ ಅಂಟಿ ಉಳಿದಿಲ್ಲವೆಂದು ನೋಡಿರಿ. ಹೊಸ ಫಿಲ್ಟರಿನ ಬಳೆಗೆ ಎಣ್ಣೆ ಸವರಿ ಕೈಯಿಂದಲೇ ಬಿಗಿಯಿರಿ. ಕೈಪಿಡಿ ಹೇಳಿದಷ್ಟು ಎಣ್ಣೆ ಹಾಕಿ, ಒಂದು ನಿಮಿಷ ಎಂಜಿನ್ ಓಡಿಸಿ, ಸೋರುವಿಕೆ ಇದೆಯೇ ಎಂದು ನೋಡಿ, ಮತ್ತೆ ಕಡ್ಡಿ ಎಳೆದು ಮಟ್ಟ ಪರೀಕ್ಷಿಸಿರಿ.

ಇಳಿಸಿದ ಎಣ್ಣೆಯನ್ನು ತೋಡಿಗೆ, ತೋಟಕ್ಕೆ ಸುರಿಯಬೇಡಿ. ಒಂದು ಲೀಟರ್ ಬಳಸಿದ ಎಣ್ಣೆ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯ ಅಂದಾಜು. ಮುರಕಲ್ಲಿನ ನೆಲದಲ್ಲಿ ಸುರಿದುದು ಬಾವಿಗೆ ಇಳಿಯಲು ಬಹಳ ಕಾಲ ಬೇಡ. ಗೆದ್ದಲು ಬಾರದೆಂದು ಮರಕ್ಕೆ ಬಳಿಯುವ ರೂಢಿಯೂ ಒಳ್ಳೆಯದಲ್ಲ. ಬಳಸಿದ ಎಣ್ಣೆಯಲ್ಲಿ ಚರ್ಮಕ್ಕೆ ಹಾನಿ ಮಾಡುವ, ಕ್ಯಾನ್ಸರ್ ತರಬಲ್ಲ ವಸ್ತುಗಳಿವೆ. ಅದನ್ನು ಡಬ್ಬಕ್ಕೆ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿರಿ.

ವಾರಕ್ಕೆ ಹತ್ತು ನಿಮಿಷ

ಕಡ್ಡಿ ನೋಡುವ ಹೊತ್ತಿಗೇ ಇನ್ನೂ ನಾಲ್ಕು ಕೆಲಸ ಮುಗಿಸಬಹುದು. ರೇಡಿಯೇಟರಿನ ಬದಿಯ ಪ್ಲಾಸ್ಟಿಕ್ ಡಬ್ಬದಲ್ಲಿ ಕೂಲಂಟ್ ಎರಡು ಗೆರೆಗಳ ನಡುವೆ ಇರಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು, ಅದು ಆವಿ ತುಂಬಿದ ಕುಕ್ಕರಿನಂತೆ. ಬ್ರೇಕಿನ ದ್ರವದ ಮಟ್ಟ ನೋಡಬೇಕು, ಒಮ್ಮೆಲೇ ಇಳಿದಿದ್ದರೆ ಕಾರು ಹೊರಡಿಸಬಾರದು. ಟಯರಿನ ಗಾಳಿಯನ್ನು ಟಯರ್ ತಣ್ಣಗಿರುವಾಗ ಅಳೆಯಬೇಕು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಬದಿಯ ಚೀಟಿಯಲ್ಲಿ ಇರುತ್ತದೆ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕೂತಿದ್ದರೆ ತಂತಿ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು ಒಣಗಿಸಬೇಕು. ಮಳೆಗಾಲ ಆರಂಭವಾಗುವ ಮೊದಲು ವೈಪರಿನ ರಬ್ಬರ್, ಬೇಸಗೆ ಕಳೆದ ಮೇಲೆ ಗಾಳಿಯ ಫಿಲ್ಟರ್, ಇವನ್ನು ನೋಡಲು ಮರೆಯಬಾರದು.

ಈಗ ನಮ್ಮ ಮನೆಯಲ್ಲಿ ಕಾರಿನ ಡಬ್ಬಿಯಲ್ಲಿ ಒಂದು ನೋಟುಪುಸ್ತಕ ಇದೆ. ಅದರಲ್ಲಿ ನಾಲ್ಕು ಅಂಕಣಗಳು: ತಾರೀಕು, ಓಡಿದ ಕಿಲೋಮೀಟರು, ಎಣ್ಣೆಯ ಮಟ್ಟ, ಹಾಕಿದ ಎಣ್ಣೆ. ಪ್ರತಿ ಭಾನುವಾರ ಬೆಳಗ್ಗೆ ಎಂಟನೆಯ ತರಗತಿಯ ಮಗಳು ಕಡ್ಡಿ ಎಳೆದು ನೋಡಿ ಬರೆಯುತ್ತಾಳೆ. ಕಳೆದ ವರ್ಷ ಆಗಸ್ಟಿನಲ್ಲಿ ಅವಳೇ ಬಂದು, “ಅಪ್ಪಾ, ಎರಡು ವಾರದಲ್ಲಿ ಮಟ್ಟ ಅರ್ಧಕ್ಕೆ ಇಳಿದಿದೆ, ಮೊದಲು ಇಷ್ಟು ಇಳಿಯುತ್ತಿರಲಿಲ್ಲ” ಎಂದಳು. ಗ್ಯಾರೇಜಿಗೆ ಒಯ್ದು ನೋಡಿದಾಗ ಅಡಿಯ ಬಿರಡೆಯ ವಾಷರ್ ಸವೆದು ಎಣ್ಣೆ ಹನಿಯುತ್ತಿತ್ತು. ಅಂಗಳದಲ್ಲಿ ಬಿದ್ದ ಹನಿಗಳನ್ನು ಮಳೆ ತೊಳೆದುದರಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ವಾಷರಿಗೆ ಕೊಟ್ಟುದು ಇಪ್ಪತ್ತು ರೂಪಾಯಿ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಕಾರಿನ ಕೈಪಿಡಿ ಇಂಗ್ಲಿಷಿನಲ್ಲಿದ್ದರೆ ಹೆದರಬೇಡಿ. ಎಣ್ಣೆಯ ಪುಟದಲ್ಲಿ ಓದಬೇಕಾದುದು ಮೂರೇ ಸಂಗತಿ: ಅಂಕಿ ಯಾವುದು, ಅಕ್ಷರ ಯಾವುದು, ಎಷ್ಟು ಲೀಟರು. ಅವನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಕಾರಿನ ಬಾನೆಟ್ಟಿನ ಒಳಬದಿಗೆ ಅಂಟಿಸಿರಿ. ಬರುವ ಭಾನುವಾರ ಅಪ್ಪ ಅಥವಾ ಅಮ್ಮನನ್ನು ಜತೆಗೆ ಕರೆದುಕೊಂಡು ಕಡ್ಡಿ ಎಳೆದು ನೋಡಿರಿ. ಎಣ್ಣೆ ಸರಿಯಾಗಿಯೇ ಇದ್ದರೆ ಎರಡು ನಿಮಿಷ ಹೋಯಿತು, ಅಷ್ಟೆ. ಇಲ್ಲದಿದ್ದರೆ ನಿಮ್ಮ ಮನೆಯ ಒಂದು ವರ್ಷದ ಉಳಿತಾಯವನ್ನು ನೀವು ಕಾಪಾಡಿದಂತಾಯಿತು.